ಗೋಡೆ ಕಡೆ ಮುಖ ಮಾಡಿ ನಿಂತ ಹನ್ನೊಂದು ನಿಮಿಷ

ಅಚ್ಚಾದ ಅಕ್ಷರ ಕಂಡ್ರೆ ನನಗೆ ಸ್ವಲ್ಪ ಹೆದರಿಕೆ. ಅದನ್ನು ಮೊದಲೇ ಒಪ್ಪಿಕೊಳ್ತೇನೆ. ಸಣ್ಣ ಪ್ರಾಯದಲ್ಲೇ ಶಾಲೆಗೆ ಸರಿಯಾಗಿ ಹೋದವರಿಗೆ ಈ ಕಷ್ಟ ಗೊತ್ತಿರುದಿಲ್ಲ. ಅವರು ಐದಾರು ವರ್ಷಕ್ಕೇ ಅಕ್ಷರದ ಜೊತೆ ಜಗಳ ಮಾಡಿ, ರಾಜಿ ಮಾಡಿ, ಒಂದು ಸಲಿಗೆ ಬೆಳೆಸಿಕೊಂಡಿರ್ತಾರೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ವಾಮಂಜೂರಿನಲ್ಲಿ ಅಪ್ಪನ ಒಟ್ಟಿಗೆ ಗದ್ದೆಗೆ ಇಳಿದವ. ಮೀಸೆ ಬಂದ ಮೇಲೆ ಪುನಃ ಪುಸ್ತಕ ಹಿಡಿದು, ಸಂಜೆ ಶಾಲೆಯಲ್ಲಿ ನನಗಿಂತ ಸಣ್ಣ ಮೇಷ್ಟ್ರ ಕೈಯಲ್ಲಿ ಬೈಸಿಕೊಂಡು, ಎಸ್ಸೆಸ್ಸೆಲ್ಸಿ ಪಾಸಾಗುವಾಗ ನನಗೆ ಇಪ್ಪತ್ತಾರು ವರ್ಷ. ಹಾಗಾಗಿ ಯಾವ ಬೋರ್ಡು ಕಂಡ್ರೂ ಅದು ನನಗೇ ಅಂತ ಬರೆದದ್ದು ಅಂತ ಅನಿಸುದು. ಬಸ್ಸಿನಲ್ಲಿ ತಲೆ, ಕೈ ಹೊರಗೆ ಹಾಕಬಾರದು ಅಂತ ಬರೆದಿದ್ರೆ ನಾನು ಕಿಟಕಿ ಸೀಟಿನಲ್ಲಿ ಕೂತುಕೊಳ್ಳುದೇ ಇಲ್ಲ. ಒಮ್ಮೆ ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಎದುರು ಕೂತವರು, ಈಗ ನಮ್ಮ ಮುಖ್ಯಮಂತ್ರಿ ಯಾರು ಮಾರಾಯ್ರೆ ಅಂತ ಕೇಳಿದ್ರು. ಅವರು ಎಲ್ಲಿಯೋ ಪರವೂರಿನಲ್ಲಿದ್ದು ಬಂದವರಿರಬೇಕು. ನಾನು ಮಾತಾಡದೆ ಗೋಡೆಯ ಬೋರ್ಡು ತೋರಿಸಿದೆ. ಅಲ್ಲಿ ರಾಜಕೀಯ ಮಾತಾಡಬಾರದು ಅಂತ ಬರೆದಿತ್ತು. ಪಾಪ, ಅವರು ನನ್ನನ್ನು ಮೂಗ ಅಂತ ತಿಳಿದು ಅವರ ವಡೆಯಲ್ಲಿ ಅರ್ಧ ನನಗೆ ಕೊಟ್ಟರು.

ಇಂಥವನನ್ನು ನಿಯಮ ಕಾಯುವ ಕೆಲಸಕ್ಕೆ ಹಾಕಿದ್ರೆ ಎಂತ ಆದೀತು ಅಂತ ನೀವು ಯೋಚನೆ ಮಾಡಬಹುದು. ಆದದ್ದನ್ನೇ ಹೇಳ್ತೇನೆ. ಸ್ವಲ್ಪ ತಾಳ್ಮೆ ಬೇಕು. ಇದನ್ನು ನಾನೇ ಟೈಪ್ ಮಾಡ್ತಿರುದು, ನನ್ನ ಎರಡು ಬೆರಳುಗಳಲ್ಲಿ ಒಂದು ಯಾವಾಗಲೂ ಇನ್ನೊಂದಕ್ಕೆ ಕಾಯ್ತಾ ಇರ್ತದೆ.

ನಾನು ಪಣಂಬೂರಿನಲ್ಲಿ ಹಡಗಿನ ಏಜೆಂಟರ ಆಫೀಸಿಗೆ ಕ್ಲಾರ್ಕ್ ಆಗಿ ಸೇರಿದ್ದು ಎಪ್ಪತ್ತರ ದಶಕದ ಕೊನೆಗೆ. ಹಡಗು ನಮ್ಮದಲ್ಲ, ಅದರೊಳಗಿನ ಸಾಮಾನು ನಮ್ಮದಲ್ಲ, ಸಮುದ್ರವಂತೂ ನಮ್ಮದಲ್ಲವೇ ಅಲ್ಲ. ಕಾಗದ ಮಾತ್ರ ನಮ್ಮದು. ಒಂದು ಹಡಗು ಬಂದು ಅದಿರು ತುಂಬಿಸಿಕೊಂಡು ಹೋಗ್ಬೇಕಾದ್ರೆ ಅದು ನೀರಿಗಿಂತ ಹೆಚ್ಚು ಕಾಗದದ ಮೇಲೆ ತೇಲ್ಬೇಕು ಅಂತ ನಮ್ಮ ಮ್ಯಾನೇಜರ್ ಹೆಗ್ಡೆಯವರು ಹೇಳ್ತಿದ್ರು. ಏಳೆಂಟು ವರ್ಷ ಹೀಗೇ ನಡೆಯಿತು. ಎಂಬತ್ತರ ದಶಕದ ನಡುವಿಗೆ ಬೊಂಬಾಯಿಯ ಹೆಡ್ ಆಫೀಸಿನಿಂದ ಒಂದು ಕಂಪ್ಯೂಟರ್ ಬಂತು. ಅದಕ್ಕಾಗಿ ಒಂದು ಕೋಣೆ ಮಾಡಿ ಏಸಿ ಹಾಕಿದ್ರು. ನಮಗೆ ಮನುಷ್ಯರಿಗೆ ಆವರೆಗೆ ಇದ್ದದ್ದು ಒಂದು ಫ್ಯಾನು, ಅದೂ ಹೆಗ್ಡೆಯವರ ಕಡೆಗೆ ಮಾತ್ರ ತಿರುಗುವಂಥದ್ದು. ಆ ಕೋಣೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡ್ಬೇಕು. ಹಾಗೆ ಬಿಟ್ಟ ಮೇಲೆ ನಮ್ಮವರ ಕೈ ಸುಮ್ಮನೆ ಇರ್ತದಾ? ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಒಳಗೆ ಹೋಗುದು.

ಯಂತ್ರದ ಒಟ್ಟಿಗೆ ಒಂದು ನಿಯಮದ ಹಾಳೆಯೂ ಬಂತು. ಅದನ್ನು ಬರೆದದ್ದು ಬೊಂಬಾಯಿಯವರಲ್ಲ, ಹಡಗಿನ ಮಾಲೀಕರಾದ ವಿದೇಶಿ ಕಂಪೆನಿಯವರು. ಅವರ ಹಡಗು ಎಲ್ಲೆಲ್ಲ ಹೋಗ್ತದೋ ಅಲ್ಲೆಲ್ಲ ಅದೇ ಹಾಳೆ, ಅದೇ ಹದಿನಾಲ್ಕು ನಿಯಮ. ಯಂತ್ರದ ಹತ್ತಿರ ತಿಂಡಿ ತರಬಾರದು. ಕಾಗದ ಮೇಜಿನ ಮೇಲೆ ಬಿಟ್ಟು ಏಳಬಾರದು. ಎಲ್ಲಕ್ಕಿಂತ ದೊಡ್ಡದು ಮೂರು ಮತ್ತು ನಾಲ್ಕು. ಪ್ರತಿಯೊಬ್ಬನಿಗೂ ಒಂದು ಗುಟ್ಟಿನ ಪದ, ಅಂದ್ರೆ ಪಾಸ್‌ವರ್ಡ್, ಇರ್ಬೇಕು. ಅದನ್ನು ಯಾರಿಗೂ ಹೇಳಬಾರದು. ಒಬ್ಬನ ಪದ ಹಾಕಿ ಇನ್ನೊಬ್ಬ ಯಂತ್ರ ತೆರೆಯಬಾರದು. ಹೆಗ್ಡೆಯವರು ಹಾಳೆಯನ್ನು ಎಲ್ಲರ ಕೈಗೆ ಕೊಟ್ಟು ಒಂದು ವಾರ ಬಿಟ್ಟು ಕೇಳಿದ್ರು, ಕೊನೆಯವರೆಗೆ ಓದಿದವರು ಯಾರಿದ್ದೀರಿ ಅಂತ. ನಾನೊಬ್ಬನೇ ಕೈ ಎತ್ತಿದ್ದು. ಹಾಗೆ ನಾನು ಗುಟ್ಟು ಕಾಯುವ ಇನ್‌ಚಾರ್ಜ್ ಆದೆ. ಆ ಹೆಸರಿನಿಂದ ಬೇರೆ ಯಾವ ಲಾಭವೂ ಇರಲಿಲ್ಲ, ಮಾವನ ಮನೆಯಲ್ಲಿ ಒಂದು ಮೀನು ಹೆಚ್ಚು ಬಡಿಸಿದ್ದು ಬಿಟ್ರೆ.

ಇನ್ನು ಸರಸಕ್ಕನ ವಿಷಯ ಹೇಳ್ಬೇಕು. ಅವರು ನಮ್ಮ ಡಿಸ್ಪ್ಯಾಚ್ ಕ್ಲಾರ್ಕು. ಒಳಗೆ ಬರುವ, ಹೊರಗೆ ಹೋಗುವ ಪ್ರತಿಯೊಂದು ಕಾಗದವೂ ಅವರ ಮೇಜು ದಾಟಬೇಕು. ಶಕ್ತಿನಗರದಿಂದ ಎರಡು ಬಸ್ಸು ಬದಲಿಸಿ ಬರ್ತಿದ್ರು. ಗಂಡನ ಸೊಂಟ ಬಿದ್ದು ಅವರು ಮನೆಯಲ್ಲೇ ಇದ್ದದ್ದು, ಇಬ್ಬರು ಹೆಣ್ಣುಮಕ್ಕಳು ಕಾಲೇಜಿನಲ್ಲಿ. ಮನೆ ನಡೆಯುತ್ತಿದ್ದದ್ದು ಈ ಕೆಲಸದಿಂದಲೇ. ಆದ್ರೆ ಅವರ ಮುಖ ನೋಡಿದ್ರೆ ಅವರೇ ನಮಗೆಲ್ಲ ಕೆಲಸ ಕೊಟ್ಟವರ ಹಾಗೆ. ಆಫೀಸಿನಲ್ಲಿ ಯಾರಿಗೆ ತಲೆನೋವು ಬಂದ್ರೂ ಅವರ ಡ್ರಾಯರಿನಲ್ಲಿ ಮಾತ್ರೆ ಉಂಟು, ಬಟನ್ ಹೋದ್ರೆ ಸೂಜಿ ಉಂಟು. ಹೆಗ್ಡೆಯವರ ಕನ್ನಡಕ ಕಾಣದಿದ್ರೆ ಅದು ಎಲ್ಲಿಟ್ಟದ್ದು ಅಂತ ಸರಸಕ್ಕನಿಗೇ ಗೊತ್ತುಂಟು.

ಒಂದು ದಿನ ಬೆಳಿಗ್ಗೆ ನಮ್ಮ ಶಿಪ್ಪಿಂಗ್ ಕ್ಲಾರ್ಕ್ ಜಯಂತನಿಗೆ ಹೊಟ್ಟೆನೋವು ಜೋರಾಗಿ ಆಸ್ಪತ್ರೆಗೆ ಸೇರಿಸಿದ್ರು. ಅಪೆಂಡಿಕ್ಸ್ ಅಂತ, ಕೂಡಲೇ ಆಪರೇಶನ್. ಆ ದಿನವೇ ಮಧ್ಯಾಹ್ನ ನಮ್ಮ ಒಂದು ಹಡಗು ಹೊರಡ್ಬೇಕು. ಅದಿರು ತುಂಬಿ ಆಗಿದೆ, ಸಮುದ್ರದ ಭರತ ಏರುವ ಹೊತ್ತಿಗೆ ಬಿಡದಿದ್ರೆ ಮತ್ತೆ ಕಾಯ್ಬೇಕು, ಅದರ ಜಾಗಕ್ಕೆ ಬರುವ ಇನ್ನೊಂದು ಹಡಗು ಹೊರಗೆ ಲಂಗರು ಹಾಕಿ ನಿಂತಿದೆ. ಹೊರಡುವ ಹಡಗಿನ ಸರಕುಪಟ್ಟಿ ಇರುದು ಕಂಪ್ಯೂಟರಿನೊಳಗೆ. ಅದು ತೆರೆಯುದು ಜಯಂತನ ಗುಟ್ಟಿನ ಪದಕ್ಕೆ ಮಾತ್ರ. ಜಯಂತ ಮದ್ದು ಕೊಟ್ಟು ಮಲಗಿಸಿದವ. ಹೆಗ್ಡೆಯವರು ಬಂದರಿನ ಕಛೇರಿಯಲ್ಲಿ ಎರಡು ಗಂಟೆಯ ಸಮಯ ಕೇಳಿಕೊಂಡು ಕೂತಿದ್ದಾರೆ, ಫೋನು ಮೇಲೆ ಫೋನು.

ನಾನು ಏಸಿ ಕೋಣೆಯ ಬಾಗಿಲಲ್ಲಿ ನಿಂತು ಎಂತ ಮಾಡುದು ಅಂತ ಯೋಚನೆ ಮಾಡ್ತಾ ಇರುವಾಗ ಸರಸಕ್ಕ ಬಂದು ಚಪ್ಪಲಿ ಬಿಟ್ಟು ಒಳಗೆ ಹೋಗಿ ಯಂತ್ರದ ಎದುರು ಕೂತರು.

"ಅಕ್ಕ, ಜಯಂತನ ಪದ ಯಾರಿಗೂ ಗೊತ್ತಿಲ್ಲ," ಅಂದೆ.

"ನನಗೆ ಗೊತ್ತುಂಟು."

"ನಾಲ್ಕನೇ ನಿಯಮ ಪ್ರಕಾರ ಆಗುದಿಲ್ಲ ಅಕ್ಕ. ನಾನು ಇನ್‌ಚಾರ್ಜ್. ನಾನು ನೋಡ್ತಾ ಇರುವಾಗ ನೀವು ಹಾಗೆ ಮಾಡಿದ್ರೆ ಹೇಗೆ?"

ಸರಸಕ್ಕ ಸಿಟ್ಟು ಮಾಡಲಿಲ್ಲ. ಕುರ್ಚಿ ತಿರುಗಿಸಿ ನನ್ನನ್ನು ನೋಡಿ ಕೇಳಿದ್ರು, "ನೀನು ನೋಡ್ತಾ ಇರಲೇಬೇಕು ಅಂತ ನಿಯಮ ಉಂಟಾ?"

ನಾನು ಹದಿನಾಲ್ಕೂ ನಿಯಮವನ್ನು ಮನಸ್ಸಿನಲ್ಲೇ ಒಂದು ಸಲ ಓದಿದೆ. ಬಾಯಿಪಾಠ ಇತ್ತಲ್ಲ. "ಇಲ್ಲ," ಅಂದೆ.

"ಹಾಗಾದ್ರೆ ಆಚೆ ತಿರುಗು ಮಾರಾಯ."

ನಾನು ತಿರುಗಿದೆ. ಗೋಡೆಯಲ್ಲಿ ಏಸಿಯ ನೀರು ಇಳಿದು ಒಂದು ಕಲೆಯಾಗಿತ್ತು, ಸುಮಾರಿಗೆ ಕೇರಳದ ನಕ್ಷೆಯ ಹಾಗೆ. ಅದರ ಮೇಲೆ ಒಂದು ಗಡಿಯಾರ. ಹನ್ನೊಂದು ನಿಮಿಷ ನಾನು ಕೇರಳ ನೋಡಿದೆ. ಹಿಂದೆ ಕೀಲಿಗಳ ಶಬ್ದ, ಮತ್ತೆ ಪ್ರಿಂಟರಿನ ಕಿರಿಚಾಟ, ಮತ್ತೆ ಕಾಗದ ಹರಿಯುವ ಶಬ್ದ. ಸರಸಕ್ಕ ನನ್ನ ಬೆನ್ನು ತಟ್ಟಿ, ಆಯಿತು, ಇನ್ನು ಈಚೆ ನೋಡ್ಬಹುದು ಅಂದ್ರು. ಭರತ ಇಳಿಯುವ ಮೊದಲು ಹಡಗು ಹೋಯಿತು. ಹೆಗ್ಡೆಯವರು ಬಂದು ಎಲ್ಲರಿಗೂ ಗೋಳಿಬಜೆ ತರಿಸಿದ್ರು. ಹೇಗಾಯಿತು ಅಂತ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಗೋಳಿಬಜೆ ತಿನ್ನುವಾಗ ನನಗೆ ತಿಳಿದದ್ದು ಇಷ್ಟು: ಆಫೀಸಿನ ಎಲ್ಲರ ಗುಟ್ಟಿನ ಪದವೂ ಸರಸಕ್ಕನ ಹತ್ತಿರ ಉಂಟು. ಯಾರೂ ಕೇಳಿದ್ದಲ್ಲ, ಅವರೂ ಕೇಳಿದ್ದಲ್ಲ. ಪದ ಇಟ್ಟುಕೊಂಡ ದಿನವೇ ಒಬ್ಬೊಬ್ಬರೂ ಹೋಗಿ, ಅಕ್ಕ, ಇದು ನಿಮ್ಮಲ್ಲಿ ಇರ್ಲಿ ಅಂತ ಹೇಳಿ ಬಂದದ್ದು. ನಾನು ಹೆಮ್ಮೆಯಿಂದ, ನನ್ನದೊಂದು ಬಿಟ್ಟು ಅಂದೆ. ನಾನು ನಿಯಮದಲ್ಲಿ ಹೇಳಿದ ಹಾಗೆ ಯಾರಿಗೂ ಊಹೆ ಮಾಡ್ಲಿಕ್ಕೆ ಆಗದಂಥದ್ದು ಇಟ್ಟಿದ್ದೆ, ನನ್ನ ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರು. ಸರಸಕ್ಕ ಬಜೆಗೆ ಚಟ್ನಿ ತಾಗಿಸ್ತಾ ಆ ನಂಬರನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ್ರು. "ನೀನು ಒಂದೊಂದು ಕೀ ಹುಡುಕಿ ಒತ್ತುವಾಗ ಬಾಯಲ್ಲೂ ಹೇಳ್ತಿ ದೇವಪ್ಪ. ಕಿಟಕಿ ತೆರೆದಿದ್ರೆ ಹಡಗಿನವರಿಗೂ ಕೇಳ್ತದೆ."

ಒಂದು ತಿಂಗಳು ಎಂತದೂ ಇಲ್ಲ. ಮತ್ತೆ ಬೊಂಬಾಯಿಯಿಂದ ಒಂದು ಕಾಗದ ಬಂತು, ನನ್ನ ಹೆಸರಿಗೇ. ನನ್ನ ಜೀವಮಾನದಲ್ಲಿ ನನ್ನ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿ ಬಂದ ಮೊದಲ ಕಾಗದ, ಅದೂ ಹೀಗೆ ಬರ್ಬೇಕಾ? ಯಂತ್ರ ತಾನು ತೆರೆದ ದಿನ, ಹೊತ್ತು, ಯಾರ ಪದ ಎಲ್ಲವನ್ನೂ ಬರೆದಿಡ್ತದಂತೆ. ಕ್ಲಾರ್ಕು ಜಯಂತ ಆಸ್ಪತ್ರೆಯಲ್ಲಿದ್ದ ದಿನ ಅವನ ಪದ ಹಾಕಿ ಯಂತ್ರ ತೆರೆದವರು ಯಾರು? ಕಾರಣ ಎಂತ? ಬೇರೆ ಯಾರ್ಯಾರ ಪದ ಅವರಿಗೆ ಗೊತ್ತುಂಟು? ಒಟ್ಟಿಗಿರುವ ಫಾರಮಿನಲ್ಲಿ ಹೆಸರು ಬರೆದು ಕಳಿಸಿ, ಆ ವ್ಯಕ್ತಿಯನ್ನು ಕೆಲಸದಲ್ಲಿ ಮುಂದುವರಿಸುದು ಬೇಕಾ ಬೇಡವಾ ಅಂತ ನಾವು ನೋಡ್ತೇವೆ. ಇದರ ಒಂದು ಪ್ರತಿ ವಿದೇಶಿ ಮಾಲೀಕರಿಗೂ ಹೋಗ್ತದೆ ಅಂತ ಕೆಳಗೆ ಬರೆದಿತ್ತು.

ಹೆಗ್ಡೆಯವರು ಕಾಗದ ಓದಿ ಬಹಳ ಹೊತ್ತು ಪೆನ್ಸಿಲಿನಿಂದ ಕಿವಿ ಕೆರೆದ್ರು. ಗೊತ್ತಿಲ್ಲ ಅಂತ ಬರಿ ದೇವಪ್ಪ, ಮಳೆಗಾಲದಲ್ಲಿ ಯಂತ್ರಕ್ಕೆ ತಂಡಿ ಹಿಡಿದಿತ್ತು ಅಂತ ಬರಿ ಅಂದ್ರು. ಅದು ಮಾರ್ಚ್ ತಿಂಗಳು. ನನ್ನ ತೊಂದರೆ ಬೇರೆ. ಫಾರಮಿನ ಕೆಳಗೆ "ನನಗೆ ತಿಳಿದ ಮಟ್ಟಿಗೆ ಇದು ಸತ್ಯ" ಅಂತ ಅಚ್ಚಾಗಿತ್ತು, ಅದರ ಕೆಳಗೆ ನನ್ನ ಸಹಿಗೆ ಗೆರೆ. ಅಚ್ಚಾದದ್ದಕ್ಕೆ ಎದುರು ಹೋಗುವ ಧೈರ್ಯ ನನಗಿಲ್ಲ. ಸರಸಕ್ಕನ ಹೆಸರು ಬರೆಯುವ ಧೈರ್ಯ ಅದಕ್ಕಿಂತಲೂ ಇಲ್ಲ. ಹೆಸರಿನ ಜಾಗ ಬಿಟ್ಟು, ಮೊದಲು ಕಾರಣದ ಜಾಗ ತುಂಬಿಸುವ ಅಂತ ಹೊರಟೆ. ಜನ ನಿಯಮ ಯಾಕೆ ಮುರಿತಾರೆ? ಈ ಪ್ರಶ್ನೆಯನ್ನು ನಾನು ಎಷ್ಟು ಮನಸ್ಸಿಟ್ಟು ಯೋಚಿಸಿದೆ ಅಂದ್ರೆ ಒಂದು ದಿನ ವಾಮಂಜೂರಿನಲ್ಲಿ ಇಳಿಯದೆ ಬಸ್ಸಿನಲ್ಲಿ ಮುಂದೆ ಹೋಗಿಬಿಟ್ಟೆ.

ನೋಡ್ತಾ ಹೋದ್ರೆ, ಮುರಿಯದವರು ಯಾರು? ಯಂತ್ರ ಕೂರಿಸ್ಲಿಕ್ಕೆ ಒಬ್ಬ ಜರ್ಮನ್ ಇಂಜಿನಿಯರ್ ಬಂದಿದ್ರು. ಅವರಷ್ಟು ನಿಯಮದ ಮನುಷ್ಯನನ್ನು ನಾನು ನೋಡಿಲ್ಲ, ಟೀ ಕುಡಿಯುದೂ ಗಡಿಯಾರ ನೋಡಿ. ಅವರು ತಮ್ಮ ಗುಟ್ಟಿನ ಪದವನ್ನು ಚಂದ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ರು, ಡಬ್ಬಿ ಮೇಜಿನ ಮೇಲೆ. ನಾನು ಹೆದರಿ ಹೆದರಿ ಕೇಳಿದ್ದಕ್ಕೆ, ಮರೆತು ಹೋದ್ರೆ ಕೆಲಸ ನಿಲ್ತದಲ್ಲ, ಕೆಲಸ ನಿಲ್ಲಿಸುದು ಇನ್ನೂ ದೊಡ್ಡ ತಪ್ಪು ಅಂದ್ರು. ಬೊಂಬಾಯಿಯ ದೊಡ್ಡ ಸಾಹೇಬರದ್ದು ಇನ್ನೊಂದು ಕ್ರಮ. ಅವರಿಗೆ ಎಲ್ಲದರಲ್ಲೂ ಅವಸರ. ಒಮ್ಮೆ ಇಲ್ಲಿಗೆ ಟ್ರಂಕ್ ಕಾಲ್ ಮಾಡಿ, ತಮ್ಮ ಪದ ಹಾಕಿ ಒಂದು ಪಟ್ಟಿ ತೆಗೆಯಿರಿ ಅಂದ್ರು. ಲೈನು ಸರಿ ಇರ್ಲಿಲ್ಲ. ಅವರು ಅಲ್ಲಿಂದ ಒಂದೊಂದು ಅಕ್ಷರ ಕೂಗುದು, ಹೆಗ್ಡೆಯವರು ಇಲ್ಲಿಂದ ಅದನ್ನೇ ಕೂಗಿ ಸರಿಯಾ ಅಂತ ಕೇಳುದು. ಬೊಂಬಾಯಿಯಿಂದ ಪಣಂಬೂರಿನವರೆಗೆ ಎಷ್ಟು ಎಕ್ಸ್‌ಚೇಂಜ್ ಉಂಟೋ ಅಷ್ಟೂ ಕಡೆ ಗುಟ್ಟು ಗೊತ್ತಾಯಿತು. ಆದ್ರೆ ಆ ಪಟ್ಟಿಯಿಂದ ಅರ್ಧ ಗಂಟೆಯಲ್ಲಿ ಒಂದು ಹಡಗಿಗೆ ಕುಡಿಯುವ ನೀರು ಸಿಕ್ಕಿತು, ಅದನ್ನೂ ಹೇಳ್ಬೇಕು. ಮತ್ತೊಂದು ಸಲ ಕೊರಿಯಾದ ಹಡಗಿನ ಒಬ್ಬ ಎಳೆಯ ರೇಡಿಯೋ ಆಫೀಸರ್ ನಮ್ಮಲ್ಲಿ ಕೂತಿದ್ದ. ತಾನು ಯಾರಿಗೂ ಕೊಡಬಾರದ, ರೇಡಿಯೋದ ಗುಟ್ಟಿನ ಸಂಕೇತ ಬರೆದ ಪುಸ್ತಕವನ್ನು ಕ್ಯಾಪ್ಟನ್ ಕೇಳಿದ ಕೂಡಲೇ ಎದ್ದು, ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಕೊಟ್ಟ. ಯಾಕೆ ಅಂತ ಕೇಳಿದೆ. ಅವನ ಇಂಗ್ಲಿಷೂ ನನ್ನ ಹಾಗೆಯೇ ಇದ್ದ ಕಾರಣ ನಮ್ಮಿಬ್ಬರಿಗೆ ಒಳ್ಳೆ ಅರ್ಥ ಆಗ್ತಿತ್ತು. ಹಡಗಿನಲ್ಲಿ ಕ್ಯಾಪ್ಟನ್ ಅಂದ್ರೆ ಅಪ್ಪ, ಅಪ್ಪನಿಗೆ ಆಗುದಿಲ್ಲ ಅಂತ ಹೇಗೆ ಹೇಳುದು ಅಂತ ಅವ ಹೇಳಿದ.

ಒಬ್ಬರಿಗೆ ಕೆಲಸ ದೊಡ್ಡದು, ಒಬ್ಬರಿಗೆ ಹೊತ್ತು ದೊಡ್ಡದು, ಒಬ್ಬರಿಗೆ ಹಿರಿಯರು ದೊಡ್ಡವರು. ನಮ್ಮವರಿಗೆ ಎಂತ? ಅದು ನನಗೆ ಹೊಳೆದದ್ದು ನನ್ನ ಮನೆಯ ಅಂಗಳದಲ್ಲಿ. ಭಾನುವಾರ ಬೆಳಿಗ್ಗೆ ಒಂದು ಮದುವೆಗೆ ಹೊರಟಿದ್ದೆವು. ನಾನು ಬೀಗ ಹಾಕಿ, ಎಳೆದು ನೋಡಿ, ಮತ್ತೊಂದು ಸಲ ಎಳೆದು ನೋಡಿ ಕೀ ಕೈಯಲ್ಲಿ ಹಿಡಿದುಕೊಂಡೆ. ನನ್ನ ಹೆಂಡತಿ ಲೀಲಾ ಅದನ್ನು ನನ್ನ ಕೈಯಿಂದ ತೆಗೆದು ಆಚೆಮನೆಯ ಬಾಯಮ್ಮನ ಕೈಗೆ ಕೊಟ್ಟು, ಕೋಳಿ ಗೂಡಿಗೆ ಬಂದ್ರೆ ಬಾಗಿಲು ಹಾಕಿ, ಮಳೆ ಬಂದ್ರೆ ಬಟ್ಟೆ ತೆಗೆಯಿರಿ ಅಂತ ಹೇಳಿ ಬಂದಳು. ಹತ್ತು ವರ್ಷದಿಂದ ಹೀಗೇ ನಡೆಯುದು. ಕೀ ನಾವೇ ತಕೊಂಡು ಹೋದ್ರೆ ಎಂತ ಅಂತ ಕೇಳಿದೆ. ಅವಳು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿ, "ಬಾಯಮ್ಮ ಎಂತ ಗ್ರಹಿಸಿಯಾರು? ಅವರನ್ನು ನಂಬುದಿಲ್ಲ ಅಂತ ಆಗುದಿಲ್ವಾ?" ಅಂದಳು. ಬೀಗ ಹಾಕುದು ಕಳ್ಳನಿಗೆ, ಕೀ ಕೊಡುದು ಆಚೆಮನೆಗೆ. ಗುಟ್ಟಿನ ಪದ ಅಂದ್ರೆ ಕೀ ಅಂತ ಆ ಜರ್ಮನ್ ಇಂಜಿನಿಯರ್ ನಮಗೆಲ್ಲ ಪಾಠ ಮಾಡಿದ್ರಲ್ಲ, ನಮ್ಮವರು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ರು. ಸರಸಕ್ಕನ ಮೇಜು ಇಡೀ ಆಫೀಸಿಗೆ ಆಚೆಮನೆ.

ಸೋಮವಾರ ನಾನು ಸರಸಕ್ಕನ ಹತ್ತಿರ ಹೋಗಿ ಎಲ್ಲ ಹೇಳಿದೆ. ಹೆಸರಿನ ಜಾಗ ಖಾಲಿ ಇದೆ ಅಂತಲೂ ಹೇಳಿದೆ.

"ನನ್ನ ಹೆಸರು ಹಾಕು," ಅಂದ್ರು, ಅಂಚೆ ಚೀಟಿ ಅಂಟಿಸ್ತಾ. "ನಾನು ಕದ್ದದ್ದಲ್ಲ, ಅಡಗ್ಲಿಕ್ಕೆ ಎಂತ ಉಂಟು?"

"ಕೆಲಸ ಹೋಗ್ಬಹುದು ಅಕ್ಕ."

ಅವರ ಕೈ ಒಂದು ಸಲ ನಿಂತಿತು. ಮತ್ತೆ ಚೀಟಿ ಅಂಟಿಸಿದ್ರು. "ಹೋಗ್ಬಹುದು. ಆದ್ರೆ ಜಯಂತ ನನಗೆ ಕೊಟ್ಟ ಅಂತ ಬರಿಬೇಡ. ಅವ ನಂಬಿ ಕೊಟ್ಟದ್ದು. ನಾನೇ ತಿಳ್ಕೊಂಡೆ ಅಂತ ಬರಿ."

ಬೇರೆ ಯಾರ್ಯಾರದ್ದು ನಿಮ್ಮಲ್ಲಿ ಉಂಟು, ಅದನ್ನೂ ಕೇಳಿದ್ದಾರೆ ಅಂದೆ. ಸರಸಕ್ಕ ತಲೆ ಎತ್ತಿ ನೋಡಿದ್ರು. "ಅದು ಹೇಳ್ಲಿಕ್ಕೆ ಆಗುದಿಲ್ಲ ದೇವಪ್ಪ. ಗುಟ್ಟಿನದ್ದಲ್ವಾ?"

ನನಗೆ ಅಲ್ಲೇ ಅವರ ಕಾಲಿಗೆ ಬೀಳುವ ಅಂತ ಅನಿಸಿತು. ಆ ಹದಿನಾಲ್ಕು ನಿಯಮವನ್ನು ಬರೆದವರು ಯಾರೋ, ಅವರಿಗೆ ಬೇಕಾದಂಥ ಮನುಷ್ಯ ಇವರೇ. ಅಷ್ಟು ಜನರ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು, ಒಬ್ಬರದ್ದು ಇನ್ನೊಬ್ಬರಿಗೆ ಇವತ್ತಿನವರೆಗೆ ಬಿಟ್ಟುಕೊಟ್ಟದ್ದಿಲ್ಲ. ಕೆಲಸ ಹೋಗುವ ಹೊತ್ತಿನಲ್ಲೂ ಬಿಟ್ಟುಕೊಡುದಿಲ್ಲ. ಆದ್ರೆ ನಿಯಮ ಪ್ರಕಾರ ತಪ್ಪಿತಸ್ಥರು ಅವರು, ಕಾಯುವವ ನಾನು.

ವರದಿ ಟೈಪ್ ಮಾಡ್ಲಿಕ್ಕೆ ನನಗೆ ಮೂರು ದಿನ ಹಿಡಿಯಿತು. ಒಂದು ಕಡೆ ಯಂತ್ರ, ಒಂದು ಕಡೆ ಡಿಕ್ಷನರಿ. ಹೆಸರಿನ ಜಾಗದಲ್ಲಿ ಸರಸಕ್ಕನ ಹೆಸರು ಹಾಕಿದೆ. ಹಾಕುವಾಗ ಅವರ ಇಬ್ಬರು ಮಕ್ಕಳ ಫೀಸಿನ ನೆನಪಾಗಿ ಬೆರಳು ಕೀ ಮೇಲೆ ನಿಂತುಬಿಟ್ಟಿತು. ಕಾರಣದ ಜಾಗ ಎರಡು ಬೆರಳಷ್ಟೇ ಇದ್ದದ್ದು. ಅದಕ್ಕೆ ನಾಲ್ಕು ಹಾಳೆ ಪಿನ್ನು ಹಾಕಿ ಸೇರಿಸಿದೆ. ಹಡಗಿನ ವಿಷಯ, ಭರತದ ವಿಷಯ, ಆಚೆಮನೆಯ ಕೀ, ಬಾಯಮ್ಮನ ಕೋಳಿ ಎಲ್ಲ ಬರೆದೆ. ಜರ್ಮನ್ ಇಂಜಿನಿಯರರ ಕನ್ನಡಕದ ಡಬ್ಬಿ, ಬೊಂಬಾಯಿ ಸಾಹೇಬರ ಟ್ರಂಕ್ ಕಾಲ್ ಬರೆಯಲಿಲ್ಲ. ಅವರನ್ನು ಯಾರೂ ಕೇಳಿದ್ದಲ್ಲವಲ್ಲ. ಕೊನೆಗೆ "ಆ ಹೊತ್ತಿನಲ್ಲಿ ಇನ್‌ಚಾರ್ಜ್ ಎಲ್ಲಿದ್ದರು" ಅಂತ ಒಂದು ಪ್ರಶ್ನೆ ಇತ್ತು. ನಾನು ಸತ್ಯವನ್ನೇ ಬರೆದೆ: ಇನ್‌ಚಾರ್ಜ್ ಅದೇ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಹನ್ನೊಂದು ನಿಮಿಷ ನಿಂತಿದ್ದರು, ಯಾಕೆಂದರೆ ನೋಡಲೇಬೇಕು ಎಂದು ನಿಯಮ ಇರಲಿಲ್ಲ.

ಹೆಗ್ಡೆಯವರು ಓದಿ ತಲೆಗೆ ಕೈ ಇಟ್ಟರು. ನೀನೂ ಹೋದಿ, ಅವಳೂ ಹೋದಳು, ಕೋಳಿ ಯಾಕೆ ಹಾಕಿದಿ ಮಾರಾಯ ಅಂದ್ರು. ಆದ್ರೆ ತಡೆಯಲಿಲ್ಲ. ಸರಸಕ್ಕನೇ ಅದಕ್ಕೆ ನಂಬರು ಹಾಕಿ, ಲಕೋಟೆಗೆ ಹಾಕಿ, ಡಿಸ್ಪ್ಯಾಚ್ ಪುಸ್ತಕದಲ್ಲಿ ಬರೆದು ಅಂಚೆಗೆ ಕಳಿಸಿದ್ರು. ಅವರಿಗೆ ಮನಸ್ಸು ಬಂದಿದ್ರೆ ಅದು ದಾರಿ ತಪ್ಪಬಹುದಿತ್ತು. ತಪ್ಪಲಿಲ್ಲ.

ಆರು ವಾರ ಉತ್ತರ ಇಲ್ಲ. ಸರಸಕ್ಕ ದಿನಾ ಬಂದ ಹಾಗೆ ಬರ್ತಿದ್ರು. ಊಟದ ಬಿಡುವಿನಲ್ಲಿ ಮಾತ್ರ ನನ್ನನ್ನು ಹತ್ತಿರ ಕೂರಿಸಿ ಡಿಸ್ಪ್ಯಾಚ್ ಪುಸ್ತಕ ಬರೆಯುದು ಹೇಗೆ, ಯಾವ ಕಾಗದ ಯಾವ ಖಾನೆಗೆ ಅಂತ ತೋರಿಸಿ ಕೊಟ್ಟರು. ತಾವು ಇಲ್ಲದಿದ್ರೂ ಕೆಲಸ ನಿಲ್ಲಬಾರದಲ್ಲ. ಹೆಗ್ಡೆಯವರ ಇನ್ನೊಂದು ಕನ್ನಡಕ ಎಲ್ಲಿರ್ತದೆ ಅಂತಲೂ ಹೇಳಿದ್ರು.

ಉತ್ತರ ಬಂದದ್ದು ಬೊಂಬಾಯಿ ಸಾಹೇಬರ ಬಾಯಿಯಲ್ಲಿ, ಟ್ರಂಕ್ ಕಾಲಿನಲ್ಲಿ. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಕೇಳಿತು. ನನ್ನ ನಾಲ್ಕು ಹಾಳೆ ವಿದೇಶದ ಮಾಲೀಕರವರೆಗೆ ಹೋಗಿತ್ತಂತೆ. ಎಲ್ಲ ಬಂದರುಗಳಿಗೂ ಅಂಥದ್ದೇ ಕಾಗದ ಹೋಗಿತ್ತು, ಎಲ್ಲ ಕಡೆಯಿಂದ ಇಲ್ಲಿ ಯಾರೂ ನಿಯಮ ಮುರಿಯುದಿಲ್ಲ ಅಂತ ಒಂದೇ ಗೆರೆಯ ಉತ್ತರ ಬಂದಿತ್ತಂತೆ. ಹೆಸರು, ಕಾರಣ, ಕೋಳಿ ಸಮೇತ ಬಂದದ್ದು ಪಣಂಬೂರಿನಿಂದ ಮಾತ್ರ. ಅದನ್ನು ಓದಿದ ಅಲ್ಲಿಯವರು ಕೂತು ಮಾತಾಡಿ, ಒಬ್ಬ ಕಾಯಿಲೆ ಬಿದ್ರೆ ಹಡಗು ನಿಲ್ಲುವ ಹಾಗೆ ನಿಯಮ ಬರೆದದ್ದು ತಮ್ಮ ತಪ್ಪು ಅಂತ ಒಪ್ಪಿದ್ರಂತೆ. ಇನ್ನು ಮೇಲೆ ಪ್ರತಿ ಬಂದರಿನಲ್ಲಿ ಎಲ್ಲರ ಗುಟ್ಟಿನ ಪದವನ್ನು ಅರಗು ಹಾಕಿದ ಲಕೋಟೆಯಲ್ಲಿ ಒಬ್ಬ ನಂಬಿಕಸ್ಥರ ಹತ್ತಿರ ಇಡ್ಬೇಕು. ಪಣಂಬೂರಿನಲ್ಲಿ ಆ ಕೆಲಸ ಸರಸಕ್ಕನಿಗೆ. ಹೆಗ್ಡೆಯವರು ರಿಸೀವರ್ ಇಟ್ಟು ಅವರ ಮೇಜಿನ ಕಡೆ ನೋಡಿದ್ರು. ಸರಸಕ್ಕ ಸೆರಗಿನಿಂದ ಮುಖ ಒರೆಸಿ, ಇಷ್ಟು ಲಕೋಟೆಗೆ ಅರಗು ಎಲ್ಲಿ ಉಂಟು, ತರಿಸ್ಬೇಕು ಅಂದ್ರು. ಮತ್ತೆ ಎದ್ದು ಬಾತ್‌ರೂಮಿಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

ನನ್ನ ವಿಷಯ ಆಮೇಲೆ ಅಂಚೆಯಲ್ಲಿ ಬಂತು. ಬೈಗಳೂ ಇಲ್ಲ, ಹೊಗಳಿಕೆಯೂ ಇಲ್ಲ. ನಿಯಮದ ಹೊಸ ಹಾಳೆ ಮಾತ್ರ, ಚಂದ ಅಚ್ಚು, ಎಲ್ಲ ದೇಶದ ಎಲ್ಲ ಬಂದರುಗಳಿಗೂ ಕಳಿಸಿದ್ದು. ಈ ಸಲ ನಿಯಮ ಹದಿನೈದು. ಹದಿನೈದನೇದು ಹೀಗಿತ್ತು: ನಿಯಮ ಮುರಿಯುವಾಗ ಇನ್‌ಚಾರ್ಜ್ ಗೋಡೆಯ ಕಡೆ ಮುಖ ಮಾಡಿ ನಿಲ್ಲಬಾರದು. ನಾನು ಅದನ್ನು ನಾಲ್ಕು ಸಲ ಓದಿದೆ. ಯಾರೆಲ್ಲ ಓದಬಹುದು, ಎಲ್ಲೆಲ್ಲ ಓದಬಹುದು ಅಂತ ಗ್ರಹಿಸಿದೆ. ಹಾಗಾದ್ರೆ ತಿಂಡಿ ತರಬಾರದು ಅಂತ ನಿಯಮ ಆಗ್ಲಿಕ್ಕೆ ಯಾವುದೋ ಊರಿನಲ್ಲಿ ಯಾರೋ ಒಬ್ಬ ತಿಂಡಿ ತಂದಿರ್ಬೇಕು. ಪಾಪ, ಬೆಳಿಗ್ಗೆ ಮನೆಯಲ್ಲಿ ತಿಂದಿರ್ಲಿಕ್ಕಿಲ್ಲ. ಅವನ ಮುಖ ನನಗೆ ಕಂಡ ಹಾಗಾಯಿತು. ಹದಿನಾಲ್ಕು ಊರಿನ ಹದಿನಾಲ್ಕು ಜನರ ಸಾಲಿನಲ್ಲಿ ನನಗೂ ಒಂದು ಜಾಗ ಸಿಕ್ಕಿದ್ದು ನೋಡಿ ಎದೆ ಸ್ವಲ್ಪ ಉಬ್ಬಿತು, ಸುಳ್ಳು ಹೇಳುದಿಲ್ಲ.

ಹೊಸ ಹಾಳೆಯಲ್ಲಿ ಇನ್ನೊಂದು ಮಾತು ಇತ್ತು. ತಿಂಗಳ ಒಂದನೇ ತಾರೀಕಿಗೆ ಇನ್‌ಚಾರ್ಜ್ ಎಲ್ಲ ನಿಯಮವನ್ನು ಸಿಬ್ಬಂದಿಯ ಎದುರು ಗಟ್ಟಿಯಾಗಿ ಓದಬೇಕು. ನಾನು ಓದುತ್ತೇನೆ. ಹದಿನಾಲ್ಕರವರೆಗೆ ಎಲ್ಲರೂ ಗಂಭೀರವಾಗಿ ಕೇಳ್ತಾರೆ. ಹದಿನೈದು ಅಂತ ಹೇಳುವುದರೊಳಗೆ ಕುರ್ಚಿಗಳು ಕಿರ್ ಅಂತ ಹೇಳಿ, ಜಯಂತನಿಂದ ಹಿಡಿದು ಹೆಗ್ಡೆಯವರವರೆಗೆ ಇಡೀ ಆಫೀಸು ಗೋಡೆ ಕಡೆ ತಿರುಗಿ ಕೂರ್ತದೆ. ಸರಸಕ್ಕ ಒಬ್ಬರೇ ತಿರುಗುದಿಲ್ಲ, ಲಕೋಟೆಯ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡ್ತಾರೆ. ಅವರ ಮುಖ ನೋಡಿದ್ರೆ ನನಗೆ ನಗು ತಡೆಯಲಿಕ್ಕಾಗುದಿಲ್ಲ. ನಿಯಮ ಓದುವಾಗ ಇನ್‌ಚಾರ್ಜ್ ನಗಬಾರದಲ್ಲ, ಹಾಗಾಗಿ ಹಾಳೆ ಕೈಯಲ್ಲಿ ಹಿಡಿದುಕೊಂಡು ನಾನೂ ಗೋಡೆ ಕಡೆ ತಿರುಗಿ ಉಳಿದದ್ದನ್ನು ಓದಿ ಮುಗಿಸ್ತೇನೆ.